ಗುಂಡ್ಯಾನ ಮಡಿ

ಗುರುತಿಲ್ಲದ ನಾಯಿ ಎದುರಾದರೆ ನಾನು ಆಕಳಿಸುತ್ತೇನೆ. ನಿದ್ದೆ ಬಂದು ಅಲ್ಲ, ರೂಢಿ. ನಾಯಿ ಕಂಡ ಕೂಡಲೇ ನನ್ನ ಕಾಲು ನಿಧಾನವಾಗುತ್ತದೆ, ಮೈ ಸ್ವಲ್ಪ ಓರೆಯಾಗುತ್ತದೆ, ಕಣ್ಣು ಪಕ್ಕದ ಗೋಡೆಯ ಮೇಲಿನ ಯಾವುದೋ ಹರಿದ ಜಾಹೀರಾತಿನ ಕಡೆ ಹೋಗುತ್ತದೆ, ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಬಹಳ ಸಲ ನಾಯಿಯೂ ಮುಖ ಆಚೆ ತಿರುಗಿಸಿ ಒಂದು ಆಕಳಿಕೆ ಕೊಡುತ್ತದೆ. ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿಯಿತು. ನನ್ನಿಂದ ನಿನಗೇನೂ ತೊಂದರೆಯಿಲ್ಲ ಎಂದು ನಾನು ಹೇಳಿದ್ದೇನೆ. ನನ್ನಿಂದಲೂ ಎಂದು ಅದು ಹೇಳಿದೆ.

ಮನುಷ್ಯರ ನಡುವೆ ಇದನ್ನು ಮಾಡುವುದು ಅಷ್ಟು ಸುರಕ್ಷಿತವಲ್ಲ. ಶಿಗ್ಗಾಂವಿಯ ಕಾಲೇಜೊಂದರಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಒಂದು ಬೆಳಿಗ್ಗೆ ಅಲ್ಲಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಹಾನಗಲ್ಲಿನ ಬಸ್ಸಿನ ಅಡಿಯಿಂದ ಒಂದು ಬೂದು ಬಣ್ಣದ ನಾಯಿ ಹೊರಬಂದು ನನ್ನನ್ನೇ ದಿಟ್ಟಿಸಿತು. ನಾನು ಆಕಳಿಸಿದೆ. ಹಿಂದೆಯೇ ಇಳಿದ ಕನ್ನಡ ವಿಭಾಗದ ಸರೋಜಾ ಮೇಡಂ ಅದನ್ನು ನೋಡಿಬಿಟ್ಟರು.

"ಏನ್ರಿ, ನಿದ್ದಿ ಆಗಿಲ್ಲೇನು? ಫೋನ್ನ್ಯಾಗ ಯಾರ ಜೋಡಿ ಅಷ್ಟು ಮಾತು?"

ನಾಯಿಗೆ ನಮಸ್ಕಾರ ಹೇಳುತ್ತಿದ್ದೆ ಎನ್ನಬಹುದಿತ್ತು. ಆದರೆ ಅದು ನನಗೆ ಪ್ರೇಮಪ್ರಕರಣ ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚು ಖಾಸಗಿ ಸಂಗತಿ ಅನ್ನಿಸಿತು. ಸುಮ್ಮನೆ ನಕ್ಕೆ. ಮಧ್ಯಾಹ್ನದ ಊಟದ ಹೊತ್ತಿಗೆ ಸ್ಟಾಫ್ ರೂಮಿನ ಮಾತಿನಲ್ಲಿ ನನಗೆ ಧಾರವಾಡದ ಕಡೆಯ ಒಬ್ಬ ವರ ಗೊತ್ತಾಗಿಬಿಟ್ಟಿದ್ದ. ಒಳ್ಳೆಯ ಹುಡುಗನಂತೆ. ಎರಡು ವಾರ ಅವನನ್ನು ನಾನೂ ಅಲ್ಲಗಳೆಯಲಿಲ್ಲ.

ಈ ರೂಢಿ ಹತ್ತಿದ್ದು ಸವಣೂರಿನ ನಮ್ಮ ಮನೆಯಲ್ಲಿ. ಅಪ್ಪ ಅಮ್ಮ ಹುಬ್ಬಳ್ಳಿಯಲ್ಲಿದ್ದಾರೆ. ಇಲ್ಲಿ ನಾನು, ಅಪ್ಪನ ತಾಯಿಯಾದ ನನ್ನ ಅಜ್ಜಿ, ಮತ್ತು ಗುಂಡ್ಯಾ. ಗುಂಡ್ಯಾ ಎಂದರೆ ನಾಯಿ. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ, ಆಗಿನ್ನೂ ಎಲ್ಲರೂ ಸವಣೂರಿನಲ್ಲೇ ಇದ್ದೆವು, ಅಪ್ಪ ಹಿರೇಕೆರೂರಿನ ಗೆಳೆಯರ ಮನೆಯಿಂದ ಅವನನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದರು. ದಾರಿಯಲ್ಲಿ ಕಂಡಕ್ಟರು ಚೀಲ ನೋಡಿ ಏನಿದೆ ಎಂದು ಕೇಳಿದನಂತೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಪ್ಪ "ಬದನೀಕಾಯಿ" ಎಂದುಬಿಟ್ಟರಂತೆ.

"ಬದನೀಕಾಯಿ ಆಕಳಸಾಕತ್ತೇತಲ್ರೀ ಸರ," ಎಂದು ಕಂಡಕ್ಟರು ಹೇಳಿ, ಟಿಕೆಟಿನ ಮಾತೆತ್ತದೆ ಮುಂದೆ ಹೋದನಂತೆ.

ಅಜ್ಜಿ ಚೀಲದೊಳಗೆ ಇಣುಕಿ ಮೂರು ಹೆಜ್ಜೆ ಹಿಂದೆ ಸರಿದಿದ್ದಳು. "ಮಠದ ಓಣ್ಯಾಗ, ನಮ್ಮಂಥವರ ಮನ್ಯಾಗ ನಾಯಿ ಅಂದ್ರೇನೋ? ನನ್ನ ಮಡಿ ಗತಿ ಏನು?"

"ಹಿತ್ತಲದಾಗ ಇರ್ತದವ್ವಾ. ಹೊಸ್ತಿಲಾ ದಾಟಂಗಿಲ್ಲ."

ನಮ್ಮ ಮನೆಯ ಮಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಬೆಳಿಗ್ಗೆ ಸ್ನಾನವಾದ ಮೇಲೆ ಅಜ್ಜಿ ಯಾರನ್ನೂ ಮುಟ್ಟುತ್ತಿರಲಿಲ್ಲ, ದೇವರ ನೈವೇದ್ಯವಾಗುವ ತನಕ ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಹಿಂದಿನ ದಿನ ಒಗೆದು ಹಾಕಿದ ಅವಳ ಮಡಿಸೀರೆ ಹಿತ್ತಲ ಪಡಸಾಲೆಯಲ್ಲಿ, ಕೈಗೆ ಎಟುಕದ ಎತ್ತರದಲ್ಲಿ, ಅಡ್ಡ ಕಟ್ಟಿದ ಗಳದ ಮೇಲೆ ಒಣಗುತ್ತಿತ್ತು. ಅದನ್ನು ಉದ್ದನೆಯ ಕೋಲಿನಿಂದ ಎತ್ತಿ ಇಳಿಸಬೇಕು. ಆ ಕೋಲೂ ಮಡಿಯದೇ. ಆ ಹೊತ್ತಿನಲ್ಲಿ ನಾನು ಕೈ ಹಿಂದೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ತಲೆಯ ಮೇಲೆ ತೇಲಿಕೊಂಡು ಹೋಗುವ ಆ ಸೀರೆಯ ಹಸಿ ವಾಸನೆ, ಹಂಡೆಯ ಒಲೆಯ ಹೊಗೆ, ಒಳಗೆ ಬೇಯುವ ಬೇಳೆಯ ಪರಿಮಳ ಎಲ್ಲ ಕೂಡಿ ಒಂದು ದೂರದ ಊರಿನ ಹಾಗಿತ್ತು ಅಜ್ಜಿಯ ಬೆಳಗು. ಹನ್ನೆರಡು ಗಂಟೆಗೆ ಅವಳು ಅಲ್ಲಿಂದ ನಮ್ಮೂರಿಗೆ ಮರಳುತ್ತಿದ್ದಳು.

ಮರಿ ಬಂದ ನಾಲ್ಕನೆಯ ದಿನವೋ ಐದನೆಯ ದಿನವೋ, ಅಜ್ಜಿ ಕೋಲು ಎತ್ತಿದಾಗ ಅದು ಗಳಕ್ಕೆ ಸಿಕ್ಕಿ, ಕೋಲು ಮತ್ತು ಒಂಬತ್ತು ಗಜದ ಸೀರೆ ಎರಡೂ ಕೂಡಿ ಗುಂಡ್ಯಾನ ಮೇಲೆ ಬಿದ್ದವು. ಸೀರೆಯೊಳಗೆ ಒಂದು ಉಂಡೆ ಒದ್ದಾಡುತ್ತಾ ಅಂಗಳ ತುಂಬ ಓಡಿತು. "ಮುಟ್ಟಿತೋ! ಮುಟ್ಟಿತೋ!" ಎಂದು ಅಜ್ಜಿ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಅವಳು ಅವನನ್ನು ಹೊಡೆಯಲಿಲ್ಲ. ಆ ದಿನವೂ ಇಲ್ಲ, ಮುಂದೆ ಎಂದೂ ಇಲ್ಲ. ಮತ್ತೆ ಸ್ನಾನ ಮಾಡಿದಳು, ಅಷ್ಟೆ.

ಆಮೇಲಿನದು ನಮ್ಮ ಮನೆಯ ಪವಾಡ. ಅಜ್ಜಿ ಮಡಿಯಲ್ಲಿ ಕೋಲು ಹಿಡಿದು ಹೊರಗೆ ಬಂದಳೆಂದರೆ ಗುಂಡ್ಯಾ ತಾನಾಗಿ ಗೋಡೆಯ ಬದಿಗೆ ಸರಿಯುತ್ತಿದ್ದ. ಕಿವಿ ಹಿಂದಕ್ಕೆ ಮಡಚಿ, ಮುಖ ಆಚೆ ತಿರುಗಿಸಿ, ಮುಂಗಾಲೊಂದನ್ನು ಸ್ವಲ್ಪ ಎತ್ತಿ, ಮೂಗು ನೆಕ್ಕಿಕೊಂಡು, ಉದ್ದಕ್ಕೆ ಆಕಳಿಸುತ್ತಿದ್ದ. ಅವಳು ಒಳಗೆ ಹೋಗುವ ತನಕ ಒಂದು ಕೂದಲೂ ಅಲುಗುತ್ತಿರಲಿಲ್ಲ.

"ನೋಡಿದಿರೇನು?" ಅಜ್ಜಿ ಬಂದವರಿಗೆಲ್ಲ ತೋರಿಸುವಳು. "ಮನಿ ಮಕ್ಕಳಿಗೆ ಮಡಿ ತಿಳಿಯಂಗಿಲ್ಲ, ಇದಕ್ಕ ತಿಳೀತದ. ಹೆಂಗ ಮುಖಾ ತಿರಿವ್ಯದ ನೋಡ್ರಿ. ಹಿಂದಿನ ಜನ್ಮದಾಗ ಯಾರೋ ಆಚಾರ್ರ ಇದ್ದಿರಬೇಕು."

ಮಠಕ್ಕೆ ಬಂದ ಪರ ಊರಿನ ಹೆಂಗಸರು ನಮ್ಮ ಹಿತ್ತಲಿಗೆ ಬಂದು ಗುಂಡ್ಯಾನನ್ನು ನೋಡಿಕೊಂಡು ಹೋಗತೊಡಗಿದರು. ಏಕಾದಶಿ ದಿನ ಅವನು ಊಟ ಮಾಡುವುದಿಲ್ಲ ಎಂಬ ಸುದ್ದಿಯೂ ಹಬ್ಬಿತು. ಏಕಾದಶಿ ದಿನ ನಾವು ಅವನಿಗೆ ಅವಲಕ್ಕಿ ಹಾಕುತ್ತಿದ್ದೆವು, ಅವನಿಗೆ ಅವಲಕ್ಕಿ ಸೇರುತ್ತಿರಲಿಲ್ಲ. ಇದನ್ನು ನಾನೂ ಯಾರಿಗೂ ಹೇಳಲಿಲ್ಲ. ಸಾಲೆಯಲ್ಲಿ ನಮ್ಮ ನಾಯಿಯ ಕೀರ್ತಿಯಿಂದಲೇ ನನಗೆ ಇಬ್ಬರು ಗೆಳತಿಯರು ದಕ್ಕಿದ್ದರು.

ನಾಯಿಗಳ ವಿಷಯದಲ್ಲಿ ನಾನು ಆಗ ಬಹಳ ತಿಳಿದವಳು. ಬಾಲ ಅಲ್ಲಾಡಿಸಿದರೆ ಸಂತೋಷ, ಗುರ್ ಅಂದರೆ ಸಿಟ್ಟು. ಇಷ್ಟೇ ನನ್ನ ವ್ಯಾಕರಣ. ಹತ್ತನೇ ಇಯತ್ತೆಗೆ ಹೋಗುವ ಮುಂಚಿನ ಬೇಸಿಗೆ ಸೂಟಿಯಲ್ಲಿ ರಟ್ಟೀಹಳ್ಳಿಗೆ ಮದುವೆಗೆ ಹೋದಾಗ, ಗುಡಿಯ ಹಿಂದಿನ ನೆರಳಿನಲ್ಲಿ ಒಂದು ಹೆಣ್ಣುನಾಯಿ ಬಾಲ ಅಲ್ಲಾಡಿಸುತ್ತ ನಿಂತಿತ್ತು. ನಾನು ರೇಷ್ಮೆ ಲಂಗ ಎತ್ತಿ ಹಿಡಿದು, ನೇರವಾಗಿ ಹೋಗಿ, ಅದರ ತಲೆಯ ಮೇಲೆ ಕೈ ಚಾಚಿದೆ. ಮುಂದಿನದನ್ನು ರಟ್ಟೀಹಳ್ಳಿಯ ಸರಕಾರಿ ದವಾಖಾನೆಯ ನರ್ಸಬಾಯಿ ಬಲ್ಲರು.

ಉಳಿದ ಸೂಜಿಗಳನ್ನು ಸವಣೂರಿನಲ್ಲಿ ಮಾಡಿಸಿಕೊಂಡೆ. ಬುದ್ಧಿ ಮಾತ್ರ ಎದುರು ಮನೆಯ ಇಮಾಮಸಾಬ ಕಾಕಾ ಕೊಟ್ಟರು. ಅವರು ದನದ ದವಾಖಾನೆಯಲ್ಲಿ ಕಂಪೌಂಡರಾಗಿದ್ದವರು. ಊರಿನ ಎಮ್ಮೆ, ಆಡು, ನಾಯಿಗಳೆಲ್ಲ ಅವರಿಗೆ ಮುಖಪರಿಚಯ.

"ಬಾಲ ಅಲ್ಲಾಡಸಾಕತ್ತಿತ್ತು ಕಾಕಾ," ಎಂದು ನಾನು ದೂರಿದೆ.

"ಬಾಲ ಒಂದ ನೋಡಿದಿ ಬೇಟಿ. ಬಾಲದ ಮುಂದ ಇಡೀ ನಾಯಿ ಇತ್ತಲ್ಲ, ಅದನ್ಯಾಕ ನೋಡಲಿಲ್ಲ?"

ಆ ಬೇಸಿಗೆಯೆಲ್ಲ ಸಂಜೆ ಅವರ ಕಟ್ಟೆಯ ಮೇಲೆ ಕುಳಿತು ಓಣಿಯ ನಾಯಿಗಳನ್ನು ಓದಿದೆ. ಬಾಲ ಮೇಲಕ್ಕೆ ಸೆಟೆದು ಗಡಗಡ ಅಲುಗಿದರೆ ಹತ್ತಿರ ಹೋಗಬಾರದು. ಸೊಂಟವೂ ಕೂಡಿ ಮೆತ್ತಗೆ ತೂಗಿದರೆ ಹೋಗಬಹುದು. ಕಣ್ಣಿನ ಬಿಳಿ ಅರ್ಧಚಂದ್ರದ ಹಾಗೆ ಕಂಡರೆ ನಿಲ್ಲಬೇಕು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಕಿವಿಗೆ ಒಂದು ಕಾಲಮು, ಕಣ್ಣಿಗೆ ಒಂದು, ಬಾಲಕ್ಕೆ ಒಂದು ಎಂದು ಬರೆದುಕೊಳ್ಳುತ್ತಿದ್ದೆ. ನನ್ನ ಮುಂದಿನ ವಿದ್ಯಾಭ್ಯಾಸದ ದಿಕ್ಕು ಅಲ್ಲೇ ನಿಶ್ಚಯವಾಯಿತೆಂದು ತೋರುತ್ತದೆ.

ಒಂದು ಬೆಳಿಗ್ಗೆ ನಮ್ಮ ಹಿತ್ತಲ ಬಾಗಿಲಲ್ಲಿ ಕಾಕಾ ನಿಂತಿದ್ದಾಗ ಅಜ್ಜಿ ಕೋಲು ಹಿಡಿದು ಹೊರಬಂದಳು. ಗುಂಡ್ಯಾ ಗೋಡೆಗೆ ಸರಿದು, ಮುಖ ತಿರುಗಿಸಿ, ಆಕಳಿಸಿದ. ಅಜ್ಜಿ ಹೆಮ್ಮೆಯಿಂದ ಕಾಕಾನ ಕಡೆ ನೋಡಿ ಒಳಗೆ ಹೋದಳು. ಕಾಕಾ ದನಿ ತಗ್ಗಿಸಿದರು.

"ಮಡಿ ಅಲ್ಲ ಬೇಟಿ. ಅದು ಅಂಜೇತಿ. 'ನಾ ಏನೂ ಮಾಡಂಗಿಲ್ಲ, ನನಗೇನೂ ಮಾಡಬ್ಯಾಡ' ಅಂತ ಕೈ ಮುಗಿಯಾಕತ್ತೇತಿ. ನಾಯಿಗಿ ಕೈ ಇಲ್ಲ, ಅದಕ್ಕ ಆಕಳಸತೈತಿ. ನಿಮ್ಮ ಅಜ್ಜಿ ಬಾಯಾರಿಗಿ ಹೇಳಬ್ಯಾಡ, ನೊಂದ್ಕೋತಾರ."

ನಾನು ಹೇಳಲಿಲ್ಲ. ನೋಟ್‌ಬುಕ್ಕಿನಲ್ಲೂ ಬರೆಯಲಿಲ್ಲ. ಹತ್ತನೇ ಇಯತ್ತೆ ಮುಗಿಯಿತು, ಧಾರವಾಡದ ಓದು ಮುಗಿಯಿತು, ನೌಕರಿಗೆಂದು ತಿರುಗಿ ಸವಣೂರಿಗೆ ಬಂದೆ. ಗುಂಡ್ಯಾನ ಮೂತಿ ಬೆಳ್ಳಗಾಯಿತು. ನಾನು ಹೇಳಲಿಲ್ಲ.

ಇದೆಲ್ಲ ಹೀಗೇ ನಡೆದುಹೋಗುತ್ತಿತ್ತು. ಹೋದ ವರ್ಷ ಅಜ್ಜಿಯ ಮೊಣಕಾಲು ಸೋತವು. ಕೋಲಿನಿಂದ ಸೀರೆ ಇಳಿಸುವುದು ನಿಂತಿತು. "ಇನ್ನ ಮ್ಯಾಲೆ ಮಡಿ ಮನಸಿನಾಗ" ಎಂದು ಅವಳೇ ತೀರ್ಪು ಕೊಟ್ಟಳು. ಊರುಗೋಲು ಬಂತು. ಗುಂಡ್ಯಾನಿಗೆ ಹಗಲೆಲ್ಲ ಪಡಸಾಲೆಯಲ್ಲೇ ಇರುವ ಅಪ್ಪಣೆಯಾಯಿತು. ಅಜ್ಜಿ ಈಗ ಅವನನ್ನು ಕರೆಯುತ್ತಿದ್ದಳು. "ಬಾರೋ ಆಚಾರ್ಯಾ, ಈಗ ಮಡಿ ಇಲ್ಲೋ." ಊರುಗೋಲು ಊರಿಕೊಂಡು, ಬಗ್ಗಿ, ಕೈ ಚಾಚಿ ಕರೆಯುವಳು. ಅವನು ಗೋಡೆಗೆ ಸರಿದು ಮುಖ ತಿರುಗಿಸುವನು. "ಇನ್ನೂ ಮಡಿ ಬಿಡಲೊಲ್ಲದು ನೋಡು" ಎಂದು ಅವಳು ನಗುವಳು. ಆದರೆ ನಾನು ಬಂದ ಮೇಲೆ ಅವನು ಸೊಂಟ ತೂಗುತ್ತ ನನ್ನ ಕಡೆ ಬರುವುದನ್ನು ಅವಳು ನೋಡುತ್ತಿದ್ದಳು. ಆಗ ನಗುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಗುಂಡ್ಯಾ ಯಾವುದೋ ಪಡ್ಡೆ ನಾಯಿಯ ಜೊತೆ ಜಗಳವಾಡಿ ಕಿವಿ ಹರಿದುಕೊಂಡು ಬಂದ. ಗಾಯಕ್ಕೆ ಹುಳ ಬಿದ್ದವು. ಇಮಾಮಸಾಬ ಕಾಕಾ ಬಂದು, ಒಂದು ತಾಸು ಕುಳಿತು ಎಲ್ಲ ತೆಗೆದು, ಹಳದಿ ಮುಲಾಮು ಕೊಟ್ಟರು. ದಿನಕ್ಕೆ ಮೂರು ಸಲ ಹಚ್ಚಬೇಕು. ಬೆಳಿಗ್ಗೆ ತಾವು ಹಚ್ಚಿ ಹೋಗುವುದಾಗಿ ಹೇಳಿದರು. ಸಂಜೆ ನಾನಿದ್ದೆ. ಆದರೆ ಕಾಕಾ ಈಗ ದಿನವೆಲ್ಲ ಬಂಕಾಪುರದಲ್ಲಿ ಅಳಿಯನ ಅಂಗಡಿಯಲ್ಲಿ ಇರುತ್ತಾರೆ, ನಾನು ಶಿಗ್ಗಾಂವಿಯಲ್ಲಿ.

"ಮಧ್ಯಾಹ್ನದ್ದ ಮುಖ್ಯ," ಎಂದರು ಕಾಕಾ. "ನೊಣಾ ಬಿಸಲಾಗ ಬರ್ತಾವು. ಮತ್ತ ಹುಳ ಬಿದ್ದು ಒಳಗ ಹೊಕ್ಕರ, ಈ ವಯಸ್ಸಿಗಿ ನಾಯಿ ಉಳಿಯಂಗಿಲ್ಲ."

"ನಾ ಹಚ್ಚತೀನಿ," ಎಂದಳು ಅಜ್ಜಿ. ಊರುಗೋಲು ಎತ್ತಿ ಒಂದು ಹೆಜ್ಜೆ ಮುಂದಿಟ್ಟಳು. ಗುಂಡ್ಯಾ ಬಾಗಿಲ ಆಚೆ ಇದ್ದ.

ಕಾಕಾ ನನ್ನ ಮುಖ ನೋಡಿದರು. "ಶುಕ್ರವಾರದ ಮಟ ನೋಡೂಣು ಬಾಯಾರ. ಆಗಲಿಲ್ಲಂದ್ರ ದುಂಡಸಿಗಿ ನನ್ನ ತಂಗಿ ಹೊಲದ ಮನಿಗಿ ಒಯ್ತೇನಿ. ಅಲ್ಲಿ ದಿನಾ ಯಾರರ ಇರ್ತಾರ. ಅದಕ್ಕ ಅಂಜಿಕಿಯಿಲ್ಲ."

"ಅಂಜಿಕಿ ಯಾಕೋ? ಇಲ್ಲೇನು ಅಂಜಿಕಿ ಅದ ಅದಕ್ಕ?"

ಅಂದು ಸೋಮವಾರ. ಆ ಸಂಜೆಯೇ ನಾನು ಅಜ್ಜಿಗೆ ಹೇಳಿದೆ. ಬಿದ್ದ ಕೋಲು, ಸೀರೆ, ಕೂಗು, ಆಕಳಿಕೆ, ಎಲ್ಲ. ತರಗತಿಯಲ್ಲಿ ಪಾಠ ಮಾಡಿದ ಹಾಗೆ, ಒಂದಾದ ಮೇಲೊಂದು, ಅವಳ ಮುಖ ನೋಡದೆ ಹೇಳಿದೆ. ಮುಗಿದಾಗ ಅಜ್ಜಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು.

"ನಿನಗ ಯಾವಾಗಿಂದ ಗೊತ್ತದ?"

"ಹತ್ತನೇ ಇಯತ್ತೆಯಿಂದ."

ಆ ಸಂಜೆ ಅಜ್ಜಿ ಅನ್ನಕ್ಕೆ ತುಪ್ಪ ಹಾಕಿಕೊಳ್ಳಲಿಲ್ಲ. ಮಂಗಳವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಊರುಗೋಲನ್ನು ನನ್ನ ಕೈಗೆ ಕೊಟ್ಟಳು. "ಇದನ್ನ ಗುಂಡ್ಯಾನ ಕಣ್ಣಿಗೆ ಬೀಳದಂಗ ಇಡು. ಗ್ವಾಡಿ ಹಿಡಕೊಂಡು ಅಡ್ಡಾಡತೀನಿ. ಇನ್ನೇನು ಮಾಡಬೇಕು, ಹೇಳು."

ಓರೆಯಾಗಿ ಕೂಡಬೇಕು, ಕಣ್ಣಿಗೆ ಕಣ್ಣು ಕೊಡಬಾರದು, ಕೈಯನ್ನು ತಲೆಯ ಮೇಲಿನಿಂದ ಒಯ್ಯದೆ ಕೆಳಗಿನಿಂದ ತರಬೇಕು, ಕರೆಯಬಾರದು, ಕಾಯಬೇಕು ಎಂದೆ. ಆಕಳಿಸಿದರೆ ಒಳ್ಳೆಯದು ಎಂದೂ ಹೇಳಿದೆ.

"ಆಕಳಿಸಿದ್ರ ನನ್ನ ಹಲ್ಲಿನ ಸೆಟ್ಟು ಕೆಳಗ ಬೀಳತದ."

"ಹಗೂರ ಆಕಳಿಸು."

ಬುಧವಾರ ಕಾಲೇಜಿಗೆ ರಜೆಯಿತ್ತು. ಆ ಮಧ್ಯಾಹ್ನವನ್ನು ಈಗ ನೆನೆದರೆ ನೀರೊಳಗಿಂದ ನೋಡಿದ ಹಾಗಿದೆ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಬಿಲ್ಲೆ ನೆಲದ ಮೇಲೆ ಇರುವೆಯಷ್ಟು ನಿಧಾನವಾಗಿ ಸರಿಯುತ್ತಿತ್ತು. ಅದರೊಳಗೆ ಧೂಳಿನ ಕಣಗಳು ಏರದೆ ಇಳಿಯದೆ ನಿಂತಿದ್ದವು. ಓಣಿಯಲ್ಲಿ ಯಾರೋ ವೀಳ್ಯದೆಲೆಯ ಪೆಂಡಿಗೆ ನೀರು ಚಿಮುಕಿಸುವ ಸದ್ದು. ಅಜ್ಜಿ ಮಣೆಯ ಮೇಲೆ ಓರೆಯಾಗಿ ಕುಳಿತಿದ್ದಳು. ಪಕ್ಕದಲ್ಲಿ ಮುಲಾಮಿನ ಡಬ್ಬಿ. ಹತ್ತು ಮೊಳ ಆಚೆ ಬಾಗಿಲಲ್ಲಿ ಗುಂಡ್ಯಾ. ಅಜ್ಜಿ ಅಂಗೈಯಿಂದ ದವಡೆ ಒತ್ತಿ ಹಿಡಿದು ಆಕಳಿಸಿದಳು. ಗುಂಡ್ಯಾ ಆಕಳಿಸಿದ. ಕಂಬಕ್ಕೆ ಒರಗಿದ್ದ ನಾನೂ ಆಕಳಿಸಿದೆ. ಸ್ವಲ್ಪ ಹೊತ್ತಿನಲ್ಲಿ ಯಾರು ಯಾರಿಗೆ ಧೈರ್ಯ ಹೇಳುತ್ತಿದ್ದೇವೆ ಎಂಬುದೇ ತಿಳಿಯದಾಯಿತು.

ಆಗ ಅಜ್ಜಿ ಗೋಡೆಗೆ ಮಾತಾಡತೊಡಗಿದಳು. ತನಗೇ ಹೇಳುತ್ತಿದ್ದಾಳೆಂದು ನಾಯಿಗೆ ಅನ್ನಿಸಬಾರದಲ್ಲ, ಅದಕ್ಕೆ.

"ನಮ್ಮತ್ತಿ ಅದ ಕೋಲು ಹಿಡದು ಇಲ್ಲೇ ಬರ್ತಿದ್ರು. ನಂಗಾಗ ಹದಿನಾರು ವರ್ಷ. ಹೊಡದಾಕಿ ಅಲ್ಲ ಪಾಪ, ಒಂದು ದಿನಾನೂ ಹೊಡೀಲಿಲ್ಲ. ಕೋಲು ಗಳಕ್ಕ ತಾಕಿದ ಸಪ್ಪಳಾ ಕೇಳಿದ್ರ ಸಾಕು, ನಾ ಇದ ಗ್ವಾಡಿಗೆ ಹತ್ತಿ, ಮುಖಾ ತಿರಿವಿ ನಿಂದರ್ತಿದ್ದೆ. ಬಂದವರೆಲ್ಲಾ, ಸೊಸಿ ಭಾಳ ಮರ್ಯಾದಿಯಾಕಿ, ಅಂತಿದ್ರು. ಅತ್ತಿನೂ ಹೆಮ್ಮಿಲೆ ತೋರಸ್ತಿದ್ರು." ಮಣೆಯ ಅಂಚನ್ನು ಬೆರಳಿನಿಂದ ಸವರಿದಳು. "ಮಂದಿಗೆ ತಿಳೀಲಿಲ್ಲ ಅಂದ್ರ ಬಿಡು. ನನಗ ತಿಳೀಬೇಕಾಗಿತ್ತು."

ನಮ್ಮ ಮನೆಯಲ್ಲಿ ಇಂಥ ಮಾತಿಗೆ ಉತ್ತರ ಕೊಡುವ ಪದ್ಧತಿಯಿಲ್ಲ. ಆ ದಿನ ಗುಂಡ್ಯಾ ಎರಡು ಮೊಳ ಮುಂದೆ ಬಂದು ಮಲಗಿದ. ಮುಲಾಮು ನಾನೇ ಹಚ್ಚಿದೆ. ಗುರುವಾರ ಮಧ್ಯಾಹ್ನ ಅವನು ಇನ್ನೂ ಹತ್ತಿರ ಬಂದಿದ್ದನಂತೆ, ಆದರೆ ಡಬ್ಬಿಯ ಮುಚ್ಚಳ ಟಕ್ಕೆಂದದ್ದಕ್ಕೆ ಎದ್ದು ಹೋದನಂತೆ. ಸಂಜೆ ನಾನು ಬಂದಾಗ ಗಾಯದ ಸುತ್ತ ಎರಡು ನೊಣ ಕೂತಿದ್ದವು.

ಶುಕ್ರವಾರ ನಾನು ರಜೆ ಹಾಕಿದೆ, ಬೀಳ್ಕೊಡಬೇಕಲ್ಲ ಎಂದು. ಹನ್ನೊಂದರ ಹೊತ್ತಿಗೆ ಇಮಾಮಸಾಬ ಕಾಕಾ ಆಟೋ ತಂದರು. ನಾಯಿ ಮುಟ್ಟುವಾಗಿನ ಹಳೆಯ ಅಂಗಿ ತೊಟ್ಟಿದ್ದರು. ನಮಾಜಿನ ಬಿಳಿ ಅಂಗಿ ಚೀಲದಲ್ಲಿತ್ತು.

"ಮಿಂದು ಬಟ್ಟಿ ಬದಲಿ ಮಾಡಲಿಕ್ಕೆ ವ್ಯಾಳ್ಯಾ ಸಾಲತದೇನೋ?" ಗೋಡೆಯ ಕಡೆ ಮುಖ ಮಾಡಿಯೇ ಅಜ್ಜಿ ಕೇಳಿದಳು.

"ಸಾಲತೈತ್ರಿ. ನಿಮ್ಮ ಮಡಿ ಮಧ್ಯಾಹ್ನಕ್ಕ ಮುಗೀತಿತ್ತು, ನಂದು ದಿನಾ ಐದ ಸಲ ಐತಿ. ರೂಢಿ ಆಗೇತಿ."

"ಈ ಓಣ್ಯಾಗ ನನ್ನ ಕಷ್ಟ ತಿಳದಾಂವ ನೀನೊಬ್ಬನ. ಸ್ವಲ್ಪ ತಡಿ. ಅಲ್ಲೇ ಕೂಡು, ಇತ್ತ ನೋಡಬ್ಯಾಡ."

ಕಾಕಾ ನಮ್ಮ ಪಡಸಾಲೆಯ ಕಟ್ಟೆಯ ಮೇಲೆ ಓರೆಯಾಗಿ ಕುಳಿತರು. ನಾನು ಕಂಬದ ಮರೆಗೆ ಸರಿದೆ. ಅಜ್ಜಿ ಮುಲಾಮಿನ ಡಬ್ಬಿಯ ಮುಚ್ಚಳವನ್ನು ಬೆಳಿಗ್ಗೆಯೇ ತೆಗೆದಿಟ್ಟಿದ್ದಳೆಂದು ಆಗ ಗಮನಿಸಿದೆ. ಅವಳ ಬೆರಳ ತುದಿಯಲ್ಲಿ ಹಳದಿ ಆಗಲೇ ಇತ್ತು.

ಗುಂಡ್ಯಾ ಎದ್ದ. ಮೈ ಜಾಡಿಸಿಕೊಂಡ. ನೇರವಾಗಿ ಬರಲಿಲ್ಲ. ಪಡಸಾಲೆಯ ಅಂಚು ಹಿಡಿದು, ನೆಲ ಮೂಸುತ್ತ, ಬೇರೆ ಏನೋ ಕೆಲಸವಿದ್ದವನ ಹಾಗೆ ಅರ್ಧ ಸುತ್ತು ಹಾಕಿ ಬಂದು, ಅಜ್ಜಿಯ ಮೊಣಕಾಲಿನ ಹತ್ತಿರ, ಅವಳಿಗೆ ಬೆನ್ನು ಮಾಡಿ ಕುಳಿತುಬಿಟ್ಟ.

"ಬೆನ್ನು ಹಾಕಿ ಕೂತ," ಅಜ್ಜಿ ಬೆರಳು ಹಿಂದಕ್ಕೆಳೆದುಕೊಂಡಳು. "ಮುಖಾ ಸುದ್ದಾ ನೋಡಲೊಲ್ಲ. ಒಯ್ಯಿ ಇಮಾಮ, ದುಂಡಸಿಗೆ ಒಯ್ಯಿ."

"ಇಲ್ಲ ಅಜ್ಜಿ," ಎಂದೆ ನಾನು, ಆದಷ್ಟು ಮೆತ್ತಗೆ. "ಅಂಜಿಕಿ ಇದ್ದವರಿಗೆ ನಾಯಿ ಬೆನ್ನು ಕೊಡಂಗಿಲ್ಲ. ಹಿಂದ ಯಾರಿದ್ದಾರ ಅಂತ ನೋಡೂ ಗರಜು ಅದಕ್ಕೀಗ ಇಲ್ಲ."

ಅಜ್ಜಿ ನನ್ನನ್ನು ನಂಬಿದಳೋ ಇಲ್ಲವೋ. ಅವಳ ಕೈ ಕೆಳಗಿನಿಂದ, ನೆಲಕ್ಕೆ ಹತ್ತಿಕೊಂಡು ಬಂತು. ಬೆರಳು ಕಿವಿಗೆ ತಾಕಿತು. ಗುಂಡ್ಯಾನ ಬೆನ್ನಿನ ಚರ್ಮ ಒಮ್ಮೆ ನಡುಗಿತು. ಕೈ ನಿಂತಿತು. ಅವನು ಏಳಲಿಲ್ಲ. ಕೈ ಮತ್ತೆ ಸರಿಯಿತು. ಗಾಯದ ಅಂಚಿನ ಮೇಲೆ, ಗಾಯದ ಮೇಲೆ, ಆಮೇಲೆ ಗಾಯವಿಲ್ಲದ ಇನ್ನೊಂದು ಕಿವಿಯ ಮೇಲೆ.

ಕಾಕಾ ಸದ್ದಾಗದಂತೆ ಎದ್ದು ಹೊರಗೆ ಹೋದರು. "ನಡಿಯಪಾ, ಯಾರೂ ಬರಂಗಿಲ್ಲ," ಎಂದು ಆಟೋದವನಿಗೆ ಹೇಳಿದ್ದು ಕೇಳಿಸಿತು.

ಆಟೋದ ಸದ್ದು ಓಣಿಯ ಆಚೆ ಕರಗಿಹೋಯಿತು. ಗುಂಡ್ಯಾ ತನ್ನ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ, ಅಜ್ಜಿಯ ಮೊಣಕಾಲಿಗೆ ಬಿಟ್ಟ. ಸೋತ ಮೊಣಕಾಲು. ನೋವಾಗಿರಬೇಕು, ಅವಳು ಅಲುಗಲಿಲ್ಲ.

"ಈಗೇನು ಹೇಳಲಿಕ್ಕೆ ಹತ್ತದ ಇದು?" ಅಜ್ಜಿ ಪಿಸುಮಾತಿನಲ್ಲಿ ಕೇಳಿದಳು.

ನಾನು ಕಿವಿ ನೋಡಿದೆ, ಕಣ್ಣು ನೋಡಿದೆ, ಬಾಲ ನೋಡಿದೆ. ಬಾಲದ ಮುಂದಿನ ಇಡೀ ನಾಯಿಯನ್ನು ನೋಡಿದೆ.

"ಏನೂ ಹೇಳವಲ್ದು ಅಜ್ಜಿ. ಸುಮ್ಮನ ಕೂತದ."

"ಹಂಗಾದ್ರ ನಾನೂ ಸುಮ್ಮನ ಕೂಡತೀನಿ," ಎಂದಳು ಅಜ್ಜಿ.